ಒಂದು ದಿನದ ಆಟ ಯಾರ ಆಸ್ತಿ?

ದಕ್ಷಿಣ ಆಫ್ರಿಕ, ಜಿಂಬಾಬ್ವೆ, ನಮೀಬಿಯ ಈ ಮೂರು ದೇಶಗಳ ಮೈದಾನಗಳಲ್ಲಿ 2027ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಿಗೆ ಒಂದು ದಿನದ ಕ್ರಿಕೆಟ್ಟಿನ ವಿಶ್ವಕಪ್ ಪಂದ್ಯಾವಳಿ ಗೊತ್ತಾಗಿದೆ. ತಂಡಗಳು 14, ಪಂದ್ಯಗಳು 54. ಅದರ ಮಾತು ಗಿರಣಿಯ ಗೇಟಿನಲ್ಲಿಯೂ ಅಂಗಡಿ ಕಟ್ಟೆಯ ಮೇಲೂ ಆಗಲೇ ಶುರುವಾಗಿದೆ. ಯಾರನ್ನು ನಾಯಕನನ್ನಾಗಿ ಮಾಡಬೇಕು, ಯಾರನ್ನು ಕೈಬಿಡಬೇಕು ಎಂಬ ಚರ್ಚೆಯನ್ನು ಬಲ್ಲವರಿಗೇ ಬಿಡೋಣ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಆಟ ಯಾರದು?

ಒಂದು ದಿನದ ಆಟದ ಬಗ್ಗೆ ಈಗ ಎರಡು ಬಗೆಯ ಮಾತು ಕೇಳಿಬರುತ್ತಿವೆ. ಮೊದಲನೆಯದು ಟೆಲಿವಿಷನ್ನಿನ ಪಂಡಿತರ ಮಾತು. ಈ ಆಟಕ್ಕೆ ವಯಸ್ಸಾಯಿತು, ಎಂಟು ಗಂಟೆ ಕೂತು ನೋಡುವ ತಾಳ್ಮೆ ಜನರಿಗೆ ಉಳಿದಿಲ್ಲ, ಮೂರೂವರೆ ಗಂಟೆಯಲ್ಲಿ ಮುಗಿಯುವ ಇಪ್ಪತ್ತು ಓವರಿನ ಆಟವೇ ಸಾಕು, ಇದು ತಾನಾಗಿ ಸಾಯಲಿ ಎಂದು ಅವರು ಹೇಳುತ್ತಾರೆ. ಎರಡನೆಯದು ನಮ್ಮ ಸಂಗಾತಿಗಳಲ್ಲಿಯೇ ಕೆಲವರ ಮಾತು. ಕ್ರಿಕೆಟ್ಟೆಂಬುದು ಬಿಳಿಯ ದೊರೆಗಳು ಬಿಟ್ಟುಹೋದ ಚಟ, ದುಡಿದು ತಿನ್ನುವವನಿಗೆ ಅದರ ಗೊಡವೆ ಏಕೆ ಎಂದು ಇವರು ಕೇಳುತ್ತಾರೆ.

ಎರಡನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡೋಣ. ರೈಲನ್ನು ತಂದವರೂ ಆಂಗ್ಲೇಯರೇ. ನೂಲಿನ ಗಿರಣಿಯ ಯಂತ್ರ ಬಂದುದೂ ಅವರ ನಾಡಿನಿಂದಲೇ. ಹಾಗೆಂದು ರೈಲಿನಿಂದ ಇಳಿದು ನಡೆಯಿರಿ ಎಂದು ನಾವು ಯಾರಿಗೂ ಹೇಳಿಲ್ಲ, ಯಂತ್ರವನ್ನು ಒಡೆದು ಹಾಕಿರಿ ಎಂದೂ ಹೇಳಿಲ್ಲ. ಅದರ ಒಡೆತನ ಯಾರದು, ಅದರ ಫಲ ಯಾರಿಗೆ ಎಂದು ಕೇಳಿದ್ದೇವೆ. ಆಟದ ಬಗ್ಗೆಯೂ ಕೇಳಬೇಕಾದುದು ಅದನ್ನೇ. ದಿನವಿಡೀ ನಿಂತು ದುಡಿದವನು ಸಂಜೆ ಚಹದಂಗಡಿಯ ಬೆಂಚಿನ ಮೇಲೆ ಕೂತು ಸ್ಕೋರು ಕೇಳಿ ಸಂತೋಷಪಟ್ಟರೆ ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆ ಸಂತೋಷಕ್ಕೆ ಬೆಲೆ ಕಟ್ಟಿ ಮಾರುವವನನ್ನು ವಿಚಾರಿಸಬೇಕಾಗಿದೆ.

ಇನ್ನು ಮೊದಲನೆಯ ಮಾತು. ಒಂದು ದಿನದ ಆಟ ತಾನಾಗಿ ಸಾಯುತ್ತಿಲ್ಲ. ಬೆಳೆದು ನಿಂತ ಪೈರಿಗೆ ನೀರು ನಿಲ್ಲಿಸಿ, ಆಮೇಲೆ ಬೇಲಿಯ ಹೊರಗೆ ನಿಂತು ‘ಅಯ್ಯೋ, ಒಣಗಿತು’ ಎಂದು ಮರುಗುವವರನ್ನು ನಾವು ನೋಡಿಲ್ಲವೆ? ಇಲ್ಲಿ ನಡೆಯುತ್ತಿರುವುದೂ ಅದೇ.

ಬಿಡುವಿಲ್ಲದವರಿಗಾಗಿ ಹುಟ್ಟಿದ ಆಟ

ಈ ಆಟ ಹುಟ್ಟಿದ ಬಗೆಯನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ 1962ರವರೆಗೆ ಕ್ರಿಕೆಟ್ ಆಡುವವರಲ್ಲಿ ಎರಡು ಜಾತಿಗಳಿದ್ದುವು. ಕೂಲಿ ಪಡೆಯದೆ ಆಡುವ ಸಿರಿವಂತರಿಗೆ ‘ಜಂಟಲ್‌ಮೆನ್’ ಎಂದು ಹೆಸರು. ಕೂಲಿ ಪಡೆದು ಆಡುವವರಿಗೆ ಬರಿಯ ‘ಪ್ಲೇಯರ್ಸ್’ ಎಂದು ಹೆಸರು. ಒಂದೇ ತಂಡಕ್ಕೆ ಆಡಿದರೂ ಬಟ್ಟೆ ಬದಲಿಸುವ ಕೋಣೆ ಬೇರೆ; ಕೆಲವು ಕಡೆ ಮೈದಾನಕ್ಕೆ ಇಳಿಯುವ ಬಾಗಿಲೂ ಬೇರೆ. ಅಂಕಪಟ್ಟಿಯಲ್ಲಿ ಸಿರಿವಂತನ ಇನಿಷಿಯಲ್ಲು ಹೆಸರಿನ ಮುಂದೆ, ಕೂಲಿಯವನದು ಹೆಸರಿನ ಹಿಂದೆ. ಪಂಕ್ತಿಭೇದ ನಮ್ಮ ಊರುಗಳಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿರಿ.

ಅಲ್ಲಿಯ ಕೌಂಟಿ ಪಂದ್ಯಗಳು ಮೂರು ಮೂರು ದಿನ ನಡೆಯುತ್ತಿದ್ದುವು, ಅದೂ ವಾರದ ನಡುವೆ. ಗಿರಣಿಗೆ, ಗಣಿಗೆ, ಅಂಗಡಿಗೆ ಹೋಗುವವನು ಮೂರು ದಿನ ರಜೆ ಹಾಕಿ ಆಟ ನೋಡುವುದುಂಟೆ? ಮೈದಾನಗಳು ಬರಿದಾದುವು, ಗಲ್ಲಾ ಪೆಟ್ಟಿಗೆಯೂ ಬರಿದಾಯಿತು. ಆಗ ಯಜಮಾನರಿಗೆ ಜನರ ನೆನಪಾಯಿತು. 1962ರ ಕೊನೆಯಲ್ಲಿ ಆ ಎರಡು ಜಾತಿಗಳ ಭೇದವನ್ನು ತೆಗೆದುಹಾಕಿದರು. ಮರು ವರ್ಷ, 1963ರಲ್ಲಿ, ಒಂದೇ ದಿನದಲ್ಲಿ ಮುಗಿಯುವ ಪಂದ್ಯಾವಳಿಯನ್ನು ಕ್ಷೌರದ ಬ್ಲೇಡಿನ ಕಂಪನಿಯಾದ ಜಿಲೆಟ್‌ನ ಹೆಸರಿನಲ್ಲಿ ಆರಂಭಿಸಿದರು. 1969ರಲ್ಲಿ ಜಾನ್ ಪ್ಲೇಯರ್ ಸಿಗರೇಟಿನವರ ಹೆಸರಿನಲ್ಲಿ ಭಾನುವಾರ ಮಧ್ಯಾಹ್ನದ ನಲವತ್ತು ಓವರಿನ ಆಟ ಬಂತು. ವಾರಕ್ಕೊಂದೇ ದಿನ ಬಿಡುವಿರುವವನು ಮಧ್ಯಾಹ್ನ ಉಂಡು ಹೋಗಿ, ಸೋಲು ಗೆಲುವು ನೋಡಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದಾದ ಆಟವದು.

ದೇಶದೇಶಗಳ ನಡುವಣ ಮೊದಲ ಒಂದು ದಿನದ ಪಂದ್ಯ ನಡೆದುದಂತೂ ಆಕಸ್ಮಿಕ. ಮೆಲ್ಬರ್ನ್ ನಗರದಲ್ಲಿ ಆಸ್ಟ್ರೇಲಿಯ ಮತ್ತು ಇಂಗ್ಲೆಂಡ್ ನಡುವಣ ಟೆಸ್ಟು ಒಂದು ಚೆಂಡೂ ಎಸೆಯದೆ ಮಳೆಗೆ ಬಲಿಯಾಯಿತು. ನಷ್ಟ ತುಂಬಿಕೊಳ್ಳಲು 1971ರ ಜನವರಿ 5ರಂದು, ಎಂಟು ಚೆಂಡಿನ ನಲವತ್ತು ಓವರುಗಳ ಒಂದು ಪಂದ್ಯವನ್ನು ಆಡಿಸಿದರು. ಸುಮಾರು 46 ಸಾವಿರ ಜನ ಬಂದು ಸೇರಿದರು. ಜನ ಬೇಡವೆಂದ ಆಟವಲ್ಲ ಇದು. ಜನರೇ ಕಾಲಿನಿಂದ ನಡೆದು ಬಂದು ಬೇಕೆಂದು ಹೇಳಿದ ಆಟ.

ಇನ್ನೊಂದು ಸಂಗತಿಯನ್ನು ನಮ್ಮ ತಾಯಂದಿರು, ಅಕ್ಕತಂಗಿಯರು ನೆನಪಿಡಬೇಕು. ಗಂಡಸರ ಮೊದಲ ವಿಶ್ವಕಪ್ಪು 1975ರಲ್ಲಿ ನಡೆಯಿತು. ಹೆಂಗಸರದು ಅದಕ್ಕಿಂತ ಎರಡು ವರ್ಷ ಮೊದಲು, 1973ರಲ್ಲಿಯೇ ಇಂಗ್ಲೆಂಡಿನಲ್ಲಿ ನಡೆದಿತ್ತು. ಈ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವರು ಹೆಂಗಸರು.

ಆಟಗಾರನೂ ದುಡಿಯುವವನೇ

ಮೈದಾನ ತುಂಬಿತು, ಪೆಟ್ಟಿಗೆ ತುಂಬಿತು, ಆದರೆ ಆಡುವವನ ಕೈ ತುಂಬಲಿಲ್ಲ. ಆಸ್ಟ್ರೇಲಿಯದ ಆಟಗಾರರಿಗೆ ಬೋರ್ಡು ಕೊಡುತ್ತಿದ್ದ ಸಂಭಾವನೆ ಅತಿ ಅಲ್ಪವಾಗಿತ್ತು. ಆ ಅಸಮಾಧಾನದ ಬೆಂಕಿಯಲ್ಲಿ ತನ್ನ ಅನ್ನ ಬೇಯಿಸಿಕೊಂಡವನು ಕೆರಿ ಪ್ಯಾಕರ್ ಎಂಬ ಟೆಲಿವಿಷನ್ ಧಣಿ. ಪಂದ್ಯಗಳ ಪ್ರಸಾರದ ಹಕ್ಕನ್ನು ಬೋರ್ಡು ತನಗೆ ಕೊಡಲಿಲ್ಲವೆಂದು ಆತ 1977ರಲ್ಲಿ ಹಲವು ದೇಶಗಳ ಆಟಗಾರರನ್ನು ಗುಟ್ಟಾಗಿ ಗೊತ್ತುಮಾಡಿಕೊಂಡು ತನ್ನದೇ ಪಂದ್ಯಾವಳಿಯನ್ನು ನಡೆಸಿದ. ದೀಪದ ಬೆಳಕಿನಲ್ಲಿ ರಾತ್ರಿಯ ಆಟ, ಬಿಳಿಯ ಚೆಂಡು, ಬಣ್ಣದ ಬಟ್ಟೆ, ಇವೆಲ್ಲ ಆ ಅಂಗಡಿಯಿಂದ ಬಂದ ಸರಕುಗಳು.

ಆ ಆಟಗಾರರನ್ನು ಬೋರ್ಡುಗಳು ಬಹಿಷ್ಕರಿಸಿದುವು. ಟೋನಿ ಗ್ರೆಗ್ ಮೊದಲಾದ ಮೂವರು ಇಂಗ್ಲೆಂಡಿನ ಹೈಕೋರ್ಟಿಗೆ ಹೋದರು. ಈ ಬಹಿಷ್ಕಾರವು ಮನುಷ್ಯನ ವೃತ್ತಿಯ ಸ್ವಾತಂತ್ರ್ಯಕ್ಕೆ ಅಡ್ಡಿ, ಆದುದರಿಂದ ಅದು ಸಲ್ಲದು ಎಂದು 1977ರ ನವೆಂಬರಿನಲ್ಲಿ ತೀರ್ಪಾಯಿತು. ಒಬ್ಬನೇ ಮಾಲೀಕನಿರುವ ಊರಿನಲ್ಲಿ ಕೆಲಸಗಾರನ ಗತಿ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಆ ತೀರ್ಪನ್ನು ನಾವು ಸ್ವಾಗತಿಸಬೇಕು. ಆದರೆ ಪ್ಯಾಕರನನ್ನು ಉದ್ಧಾರಕನೆಂದು ಪೂಜಿಸಬೇಕಾಗಿಲ್ಲ. ಹಳೆಯ ಜಮೀನುದಾರನನ್ನು ಹೊಸ ಸಾಹುಕಾರ ಓಡಿಸಿದ, ಗೇಣಿದಾರನಿಗೆ ಎರಡು ಕಾಸು ಹೆಚ್ಚು ಸಿಕ್ಕಿತು. ಹೊಲ ಮಾತ್ರ ಅವನದಾಗಲಿಲ್ಲ.

ನಮ್ಮ ದೇಶದ ಕಥೆಯೂ ಇಂಥದೇ. 1983ರ ಜೂನ್ 25ರಂದು ಕಪಿಲ್ ದೇವರ ತಂಡ ಲಾರ್ಡ್ಸ್ ಮೈದಾನದಲ್ಲಿ ಬರೀ 183 ರನ್ನು ಮಾಡಿಯೂ ವೆಸ್ಟ್ ಇಂಡೀಸನ್ನು 43 ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ತಂದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ಟುಗಳನ್ನು ಪಡೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಗೆದ್ದು ಬಂದವರಿಗೆ ಬಹುಮಾನ ಕೊಡಲು ಬೋರ್ಡಿನಲ್ಲಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಿಕೊಟ್ಟರು; ತಲೆಗೆ ಒಂದೊಂದು ಲಕ್ಷ ರೂಪಾಯಿ ಬಂತು. ಆ ಗೆಲುವಿನ ಮೇಲೆ ಕಟ್ಟಿದ ಮಹಲಿನಲ್ಲಿ ಇಂದು ಬೋರ್ಡು ಕೂತಿದೆ. 1987ರಲ್ಲಿ ವಿಶ್ವಕಪ್ಪು ಮೊದಲ ಬಾರಿಗೆ ಇಂಗ್ಲೆಂಡನ್ನು ಬಿಟ್ಟು ಭಾರತ ಪಾಕಿಸ್ತಾನಗಳಿಗೆ ಬಂತು. ನಮ್ಮಲ್ಲಿ ಬೇಗ ಕತ್ತಲಾಗುವುದರಿಂದ ಅರವತ್ತು ಓವರಿನ ಆಟ ಐವತ್ತಕ್ಕಿಳಿಯಿತು. ಇಂದು ಜಗತ್ತು ಆಡುವುದು ಆ ಲೆಕ್ಕದಲ್ಲಿಯೇ.

ನೀರು ನಿಲ್ಲಿಸಿದವರು ಯಾರು?

ಈಗ ಒಂದು ಭಾಗಾಕಾರ ಮಾಡೋಣ. ಹಳೆಯ ಮಾಸ್ತರಿಕೆಯ ಅಭ್ಯಾಸ, ಓದುಗರು ಸಹಿಸಬೇಕು. ಐದು ವರ್ಷಗಳ ಐಪಿಎಲ್ ಪಂದ್ಯಗಳ ಪ್ರಸಾರದ ಹಕ್ಕನ್ನು ಬೋರ್ಡು 2022ರಲ್ಲಿ 48,390 ಕೋಟಿ ರೂಪಾಯಿಗಳಿಗೆ ಮಾರಿತು. ಪಂದ್ಯಗಳು 410. ಅಂದರೆ ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ದೇಶದ ತಂಡವು ನಮ್ಮ ನೆಲದಲ್ಲಿ ಆಡುವ 88 ಪಂದ್ಯಗಳ ಹಕ್ಕನ್ನು 2023ರಲ್ಲಿ 5,963 ಕೋಟಿಗೆ ಮಾರಿತು. ಅಂದರೆ ಪಂದ್ಯವೊಂದಕ್ಕೆ 68 ಕೋಟಿಗೂ ಒಳಗೆ. ಇದರಲ್ಲಿ ಐದು ದಿನದ ಟೆಸ್ಟುಗಳೂ ಎಂಟು ಗಂಟೆಯ ಒಂದು ದಿನದ ಪಂದ್ಯಗಳೂ ಸೇರಿವೆ. ಮೂರೂವರೆ ಗಂಟೆಗೆ 118 ಕೋಟಿ ಸಿಕ್ಕುವಾಗ ಯಾವ ವ್ಯಾಪಾರಿ ಎಂಟು ಗಂಟೆ ಅಂಗಡಿ ತೆರೆದು ಕೂರುತ್ತಾನೆ?

ಆದುದರಿಂದ ವರ್ಷದ ಕ್ಯಾಲೆಂಡರಿನಲ್ಲಿ ಎರಡೂವರೆ ತಿಂಗಳನ್ನು ಐಪಿಎಲ್ಲಿಗೆ ಬಿಟ್ಟುಕೊಟ್ಟರು. ಉಳಿದ ದೇಶಗಳೂ ತಮ್ಮ ತಮ್ಮ ಲೀಗುಗಳನ್ನು ಕಟ್ಟಿಕೊಂಡುವು. ಒಂದು ದಿನದ ಪಂದ್ಯಗಳಿಗೆ ಸಿಕ್ಕಿದ್ದು ಸಂತೆ ಮುಗಿದ ಮೇಲೆ ಉಳಿದ ಸೊಪ್ಪು. ಇಂಗ್ಲೆಂಡಿನ ಬೆನ್ ಸ್ಟೋಕ್ಸ್ 2022ರ ಜುಲೈಯಲ್ಲಿ ಒಂದು ದಿನದ ಆಟಕ್ಕೆ ವಿದಾಯ ಹೇಳಿದಾಗ, ಪೆಟ್ರೋಲು ತುಂಬಿಸಿ ಓಡಿಸಲು ನಾವು ಮೋಟಾರುಗಳಲ್ಲ ಎಂಬರ್ಥದ ಮಾತನ್ನಾಡಿದರು. ಮುಂದಿನ ವರ್ಷದ ವಿಶ್ವಕಪ್ಪಿಗೆ ಅವರು ಮರಳಿ ಬಂದರೆಂಬುದು ನಿಜ. ಆದರೆ ಆ ಮಾತನ್ನು ಯಾವುದೇ ಗಿರಣಿಯ ರಾತ್ರಿ ಪಾಳಿಯವನು ಕೇಳಿದರೆ ಅರ್ಥ ಹೇಳಬೇಕಾಗಿಲ್ಲ.

2020ರಿಂದ 2023ರವರೆಗೆ ‘ಸೂಪರ್ ಲೀಗ್’ ಎಂಬ ಏರ್ಪಾಡೊಂದಿತ್ತು. ಹದಿಮೂರು ತಂಡಗಳು, ತಂಡಕ್ಕೆ ಇಪ್ಪತ್ತನಾಲ್ಕು ಪಂದ್ಯಗಳು; ಪ್ರತಿ ಪಂದ್ಯದ ಅಂಕವೂ ವಿಶ್ವಕಪ್ಪಿನ ಪ್ರವೇಶಕ್ಕೆ ಲೆಕ್ಕ. ನೆದರ್ಲೆಂಡ್ಸಿನಂಥ ಸಣ್ಣ ದೇಶಕ್ಕೂ ದೊಡ್ಡವರೊಡನೆ ಆಡುವ ಹಕ್ಕು ಅದರಿಂದ ಬಂದಿತ್ತು. 2023ರ ಬಳಿಕ ಅದನ್ನೂ ರದ್ದು ಮಾಡಿದರು. ಒಂದು ದಿನದ ಮೂರು ಪಂದ್ಯಗಳನ್ನು ಎಲ್ಲಿಯೋ ತುರುಕಿ, ಅದರಿಂದ ಏನೂ ಆಗುವುದಿಲ್ಲವೆಂದು ಮೊದಲೇ ತಿಳಿದಿದ್ದರೆ ಜನ ಏಕೆ ಬಂದಾರು? ಅರ್ಥವಿರುವ ಪಂದ್ಯವಾದರೆ ಜನ ಬರುತ್ತಾರೆಂಬುದಕ್ಕೆ ಸಾಕ್ಷಿ 2023ರಲ್ಲಿ ನಮ್ಮ ದೇಶದಲ್ಲಿಯೇ ನಡೆದ ವಿಶ್ವಕಪ್ಪು. ಅದನ್ನು ಮೈದಾನಕ್ಕೇ ಬಂದು ನೋಡಿದವರು 12 ಲಕ್ಷ 50 ಸಾವಿರ ಜನ. ಐಸಿಸಿಯ ಯಾವ ಪಂದ್ಯಾವಳಿಗೂ ಅದುವರೆಗೆ ಅಷ್ಟು ಜನ ಸೇರಿರಲಿಲ್ಲ. ತಾಳ್ಮೆ ಇಲ್ಲದವರು ಯಾರು, ಜನರೋ, ಬಡ್ಡಿ ಎಣಿಸುವವರೋ?

ಬಿದ್ದವನಿಗೆ ಏಳಲು ವೇಳೆ

ಈ ಆಟವನ್ನು ಉಳಿಸಿಕೊಳ್ಳಬೇಕೆನ್ನಲು ಇನ್ನೊಂದು ಕಾರಣವಿದೆ. ಇಪ್ಪತ್ತು ಓವರಿನಲ್ಲಿ ಬಿದ್ದವನು ಬಿದ್ದ ಹಾಗೆಯೇ. ಐವತ್ತು ಓವರಿನಲ್ಲಿ ಬಿದ್ದವನಿಗೆ ಧೂಳು ಕೊಡವಿ ಏಳಲು ವೇಳೆಯಿದೆ.

1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ಎದುರು ಭಾರತದ ಸ್ಥಿತಿ 17 ರನ್ನಿಗೆ 5 ವಿಕೆಟ್ಟು. ಕಪಿಲ್ ದೇವ್ ಔಟಾಗದೆ 175 ಹೊಡೆದರು. ನಮ್ಮ ರಾಜ್ಯದ ಸೈಯದ್ ಕಿರ್ಮಾನಿ ಕೊನೆಯವರೆಗೆ ಜೊತೆ ನಿಂತು, ಮುರಿಯದ ಒಂಬತ್ತನೆಯ ಜೋಡಿಯಲ್ಲಿ 126 ಸೇರಿಸಿದರು. ಅದರಲ್ಲಿ ಅವರ ಪಾಲು ಬರೀ 24. ಆ ಇಪ್ಪತ್ತನಾಲ್ಕು ಇರದಿದ್ದರೆ ಆ ನೂರ ಎಪ್ಪತ್ತೈದು ಎಲ್ಲಿ? ಗೋಡೆ ಎದ್ದ ಮೇಲೆ ಮೇಸ್ತ್ರಿಯ ಹೆಸರನ್ನು ಹೇಳುತ್ತೇವೆ, ಕಲ್ಲು ಹೊತ್ತುಕೊಟ್ಟವನನ್ನು ಮರೆಯುತ್ತೇವೆ.

2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಇಂಗ್ಲೆಂಡ್ 327 ರನ್ನು ಮಾಡಿತು. ಐರ್ಲೆಂಡ್ 111ಕ್ಕೆ 5 ವಿಕೆಟ್ಟು ಕಳೆದುಕೊಂಡಿತು. ಅಲ್ಲಿಂದ ಕೆವಿನ್ ಓ’ಬ್ರಿಯನ್ 50 ಚೆಂಡುಗಳಲ್ಲಿ ನೂರು ಹೊಡೆದು ತಮ್ಮ ಹಳೆಯ ಒಡೆಯರನ್ನು ಸೋಲಿಸಿದರು. ಮುಂದಿನ ತಿಂಗಳೇ ಐಸಿಸಿ ಏನು ಮಾಡಿತು ಗೊತ್ತೆ? 2015ರ ವಿಶ್ವಕಪ್ಪು ಹತ್ತು ದೊಡ್ಡ ತಂಡಗಳಿಗೆ ಮಾತ್ರ ಎಂದು ನಿರ್ಣಯಿಸಿ ಐರ್ಲೆಂಡಿನ ಮುಖಕ್ಕೇ ಬಾಗಿಲು ಹಾಕಿತು. ಎಲ್ಲ ಕಡೆಯಿಂದ ಕೂಗೆದ್ದ ಮೇಲೆ ಜೂನ್ ತಿಂಗಳಲ್ಲಿ ಆ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕೂಗಿದರೆ ಕೇಳುತ್ತಾರೆಂಬುದನ್ನು ನಾವು ಗಮನಿಸಬೇಕು. ಕೂಗು ನಿಂತ ಮೇಲೆ 2019ರಲ್ಲಿಯೂ 2023ರಲ್ಲಿಯೂ ತಂಡಗಳು ಹತ್ತಕ್ಕೇ ಇಳಿದುವೆಂಬುದನ್ನೂ ಗಮನಿಸಬೇಕು.

ಏಕೆ ಇಳಿದುವು? 2007ರಲ್ಲಿ ಹದಿನಾರು ತಂಡಗಳು ಆಡಿದುವು. ಮಾರ್ಚ್ 17ರಂದು ಒಂದೇ ದಿನ ಬಾಂಗ್ಲಾದೇಶ ಭಾರತವನ್ನು, ಐರ್ಲೆಂಡ್ ಪಾಕಿಸ್ತಾನವನ್ನು ಸೋಲಿಸಿದುವು. ಎರಡು ದೊಡ್ಡ ತಂಡಗಳೂ ಮೊದಲ ಸುತ್ತಿನಲ್ಲಿಯೇ ಮನೆಗೆ ಬಂದುವು; ಜಾಹೀರಾತಿನವರ ಎದೆ ಒಡೆಯಿತು. ಬಡವನು ಗೆದ್ದುದನ್ನು ನಷ್ಟದ ಕಾಲಂನಲ್ಲಿ ಬರೆದರು. ಆಮೇಲಿನ ಹತ್ತು ತಂಡಗಳ ಏರ್ಪಾಡಿನಲ್ಲಿ ಪ್ರತಿಯೊಂದು ತಂಡಕ್ಕೂ ಒಂಬತ್ತು ಪಂದ್ಯ ಖಾತರಿ. ಅಂದರೆ ಭಾರತದ ಒಂಬತ್ತು ಪಂದ್ಯಗಳ ಜಾಹೀರಾತೂ ಖಾತರಿ.

ಆದರೂ ಸಣ್ಣವರು ಸುಮ್ಮನಿರಲಿಲ್ಲ. 2023ರ ಪಂದ್ಯಾವಳಿಗೆ ಮುನ್ನ ನೆದರ್ಲೆಂಡ್ಸ್ ತಂಡ ಬೆಂಗಳೂರಿನ ಬಳಿಯ ಆಲೂರಿನಲ್ಲಿ ಅಭ್ಯಾಸ ಮಾಡಿತು. ಅವರಿಗೆ ನೆಟ್ಟಿನಲ್ಲಿ ಚೆಂಡೆಸೆಯಲು ಆಯ್ಕೆಯಾದವರಲ್ಲಿ ಚೆನ್ನೈಯಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸದ ಯುವಕನೊಬ್ಬನಿದ್ದ. ಅದೇ ತಂಡದ ವೇಗದ ಬೌಲರ್ ಪಾಲ್ ವ್ಯಾನ್ ಮೀಕೆರೆನ್ ಕೂಡ 2020ರ ಚಳಿಗಾಲದಲ್ಲಿ, ಆಟವಿಲ್ಲದೆ ಸಂಪಾದನೆ ನಿಂತಾಗ, ಊಟ ತಲುಪಿಸುವ ಕೆಲಸ ಮಾಡಿ ಹೊಟ್ಟೆ ಹೊರೆದವರು. ಆ ಮನುಷ್ಯ 2023ರ ಅಕ್ಟೋಬರ್ 17ರಂದು ಧರ್ಮಶಾಲೆಯಲ್ಲಿ ಎರಡು ವಿಕೆಟ್ಟು ಕಿತ್ತರು. ದಕ್ಷಿಣ ಆಫ್ರಿಕ 38 ರನ್ನುಗಳಿಂದ ಸೋತಿತು. ಇಂಥ ದಿನ ಬರಬೇಕಾದರೆ ಸಣ್ಣವನಿಗೂ ಬಾಗಿಲು ತೆರೆದಿರಬೇಕು.

ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳ ಮಾತನ್ನೂ ಹೇಳಬೇಕು. 2017ರ ಮಹಿಳಾ ವಿಶ್ವಕಪ್ಪಿನಲ್ಲಿ, ಸೋತರೆ ಹೊರಗೆ ಎಂಬ ಪಂದ್ಯದಲ್ಲಿ, ನ್ಯೂಜಿಲೆಂಡನ್ನು ಮುರಿದವರಲ್ಲಿ ಇಬ್ಬರು ನಮ್ಮವರು. ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ನು ಹೊಡೆದರು; ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನು ಕೊಟ್ಟು 5 ವಿಕೆಟ್ಟು ಪಡೆದರು. ಆ ಬಾರಿ ಫೈನಲ್ಲಿನಲ್ಲಿ 9 ರನ್ನುಗಳಿಂದ ತಪ್ಪಿಹೋದ ಕಪ್ಪು 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಕೈಗೆ ಬಂತು. ನಡುವೆ ಸತತ ಮೂರು ಪಂದ್ಯ ಸೋತು ಎದ್ದ ತಂಡವದು. 2022ರಲ್ಲಿ ಬೋರ್ಡು ಗಂಡಸರಿಗೂ ಹೆಂಗಸರಿಗೂ ಪಂದ್ಯದ ಫೀಜನ್ನು ಸಮಮಾಡಿತು, ಒಂದು ದಿನದ ಪಂದ್ಯಕ್ಕೆ 6 ಲಕ್ಷ. ಒಳ್ಳೆಯದು. ಆದರೆ 2024-25ರ ವಾರ್ಷಿಕ ಒಪ್ಪಂದದಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ. ‘ಸಮಾನ ಕೆಲಸಕ್ಕೆ ಸಮಾನ ಕೂಲಿ’ ಎಂಬುದನ್ನು ಅರ್ಧಕ್ಕೇ ಓದಿ ಪುಸ್ತಕ ಮುಚ್ಚಿದಂತಾಯಿತು.

ನಮ್ಮ ಜೇಬಿನ ಲೆಕ್ಕ

ಈ ಆಟದ ಹೆಸರಿನಲ್ಲಿ ನಮ್ಮ ಜೇಬಿಗೆ ಕೈಹಾಕಿದವರ ಸಾಲು ಉದ್ದವಾಗಿದೆ. ಮೊದಲು ಸಿಗರೇಟು, 1996ರಲ್ಲಿ ನಮ್ಮಲ್ಲಿ ನಡೆದ ವಿಶ್ವಕಪ್ಪಿಗೆ ವಿಲ್ಸ್ ಸಿಗರೇಟಿನ ಹೆಸರೇ ಇತ್ತು. ಆಮೇಲೆ ಬಣ್ಣದ ಪಾನೀಯ. ಕಡೆಗೆ ಜೂಜು. 2000ದಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಜೂಜುಕೋರರಿಂದ ಹಣ ಪಡೆದುದನ್ನು ಒಪ್ಪಿಕೊಂಡಾಗ ಜಗತ್ತೇ ಬೆಚ್ಚಿತು. ಆಗ ಕಳ್ಳದಾರಿಯಲ್ಲಿ ಬರುತ್ತಿದ್ದ ಜೂಜು ಆಮೇಲೆ ಮೊಬೈಲಿನೊಳಕ್ಕೆ ರಾಜಮಾರ್ಗದಲ್ಲಿಯೇ ಬಂತು. ‘ನಿಮ್ಮ ತಂಡ ಕಟ್ಟಿರಿ, ಕೋಟಿ ಗೆಲ್ಲಿರಿ’ ಎಂದು ಆಟಗಾರರೇ ಕರೆದರು. ಹಣ ಕಟ್ಟಿ ಆಡುವ ಇಂಥ ಆಟಗಳಲ್ಲಿ 45 ಕೋಟಿ ಜನ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂಬುದು ಸರ್ಕಾರವೇ ಹೇಳಿದ ಅಂದಾಜು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಇವನ್ನು ನಿಷೇಧಿಸುವ ಕಾನೂನು ಮಾಡಿತು. ಭಾರತ ತಂಡದ ಅಂಗಿಯ ಮೇಲೆ ಹೆಸರು ಬರೆಸಿಕೊಂಡಿದ್ದ ಡ್ರೀಮ್ ಇಲೆವೆನ್ ಕಂಪನಿ ಆ ತಿಂಗಳೇ ಹೊರಬಿತ್ತು. ಕಾನೂನು ಬಂದಿತೆಂದು ನಿಶ್ಚಿಂತರಾಗುವಂತಿಲ್ಲ. ವಾರದ ಪಗಾರವನ್ನೋ ದಿನದ ಗಲ್ಲೆಯನ್ನೋ ಚೆಂಡಿನ ಮೇಲೆ ಕಟ್ಟುವವನು ಆಟ ನೋಡುತ್ತಿಲ್ಲ. ಅವನ ಮನೆಯ ಒಲೆ ಆರುವುದನ್ನು ನೋಡುತ್ತಿದ್ದಾನೆ.

ಇನ್ನು ಆಟ ನೋಡುವ ಹಕ್ಕು. ಆಕಾಶದಲ್ಲಿ ಹರಿಯುವ ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದುದೂ ಕ್ರಿಕೆಟ್ ಪ್ರಸಾರದ ಜಗಳದಿಂದಲೇ. ಮುಖ್ಯ ಪಂದ್ಯಗಳ ಚಿತ್ರವನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂಬ ಕಾನೂನು 2007ರಲ್ಲಿ ಬಂತು. ಆದರೆ ಹಂಚಿಕೊಂಡ ಆ ಚಿತ್ರವನ್ನು ದೂರದರ್ಶನವು ತನ್ನ ಸ್ವಂತ ನೆಲದ ಪ್ರಸಾರದಲ್ಲಿಯೂ ಫ್ರೀ ಡಿಶ್ಶಿನಲ್ಲಿಯೂ ಮಾತ್ರ ತೋರಿಸಬೇಕು, ಖಾಸಗಿ ಕೇಬಲ್ಲಿನವರ ಮೂಲಕ ತೋರಿಸುವಂತಿಲ್ಲ ಎಂದು 2017ರಲ್ಲಿ ತೀರ್ಪಾಯಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಕಂಪನಿಗಳ ಪ್ರಸಾರದ ವ್ಯಾಪಾರಗಳು ಒಂದಾದುವು. ಐಸಿಸಿಯ ಪಂದ್ಯ, ಬೋರ್ಡಿನ ಪಂದ್ಯ, ಐಪಿಎಲ್ ಮೂರರ ಹಕ್ಕೂ ಒಂದೇ ಮನೆಯ ಕಪಾಟಿಗೆ ಸೇರಿದುವು. ಊರಿಗೆಲ್ಲ ಒಂದೇ ಕಿರಾಣಿ ಅಂಗಡಿಯಾದರೆ ಅಕ್ಕಿಯ ಬೆಲೆ ಯಾರು ಕಟ್ಟುತ್ತಾರೆಂದು ವ್ಯಾಪಾರಿ ಬಂಧುಗಳೇ ಹೇಳಲಿ.

ಮೈದಾನದ ಬಾಗಿಲಿನ ಮಾತು ಇನ್ನೂ ಕಹಿ. 2023ರ ವಿಶ್ವಕಪ್ಪಿನ ವೇಳಾಪಟ್ಟಿಯನ್ನು ಆಟಕ್ಕೆ ಬರೀ ನೂರು ದಿನ ಮುಂಚೆ ಹೊರಡಿಸಿ, ಆಗಸ್ಟಿನಲ್ಲಿ ಒಂಬತ್ತು ಪಂದ್ಯಗಳ ದಿನ ಮತ್ತು ವೇಳೆಗಳನ್ನು ಮತ್ತೆ ಬದಲಿಸಿದರು. ರಜೆ ಬರೆದುಕೊಟ್ಟು, ರೈಲಿಗೆ ಟಿಕೆಟ್ಟು ತೆಗೆದು ಹೋಗಬೇಕಾದವನ ಕಷ್ಟ ಯಾರಿಗೆ ಬೇಕು? 2025ರ ಜೂನ್ 4ರಂದು ಚಿನ್ನಸ್ವಾಮಿ ಮೈದಾನದ ಗೇಟುಗಳ ಎದುರಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅದು ಐಪಿಎಲ್ ಗೆಲುವಿನ ಮೆರವಣಿಗೆಯ ದಿನ. ಆದರೆ ಆ ಗೇಟುಗಳು ಒಂದು ದಿನದ ಪಂದ್ಯಕ್ಕೆ ಬರುವವನಿಗೂ ಅವೇ ಗೇಟುಗಳು. ದೊಡ್ಡ ಜನಸಂದಣಿಗೆ ಆ ಮೈದಾನ ಸುರಕ್ಷಿತವಲ್ಲವೆಂದು ವಿಚಾರಣೆಯ ಆಯೋಗ ಹೇಳಿತು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದುವು. ಗೆದ್ದವರನ್ನು ಕಣ್ತುಂಬ ನೋಡಬೇಕೆಂದು ಬಂದವರು ಅವರು, ಬೇರೇನನ್ನೂ ಬೇಡಿ ಬಂದಿರಲಿಲ್ಲ. ಲಕ್ಷ ಜನರನ್ನು ಕರೆಯುವವನಿಗೆ ಲಕ್ಷ ಜನರ ಪ್ರಾಣದ ಹೊಣೆಯೂ ಇರಬೇಕು.

ಹಾಗಾದರೆ ಬೇರೆ ದಾರಿಯೇ ಇಲ್ಲವೆ? ಇದೆ. ಅದೇ 2025ರ ಮಹಿಳಾ ವಿಶ್ವಕಪ್ಪಿಗೆ ಟಿಕೆಟ್ಟಿನ ಬೆಲೆ 100 ರೂಪಾಯಿಯಿಂದ ಆರಂಭವಾಯಿತು. ಫೈನಲ್ಲಿನ ದಿನ ಮೈದಾನ ತುಂಬಿ ತುಳುಕಿತು. ಮನಸ್ಸಿದ್ದರೆ ಆಗುತ್ತದೆ.

ಆಫ್ರಿಕದ ನೆಲದಲ್ಲಿ

2027ರ ಪಂದ್ಯಾವಳಿ ನಡೆಯುವ ನೆಲದ ಬಗ್ಗೆ ಎರಡು ಮಾತು. ಕರಿಯರನ್ನು ಬಿಳಿಯರ ಜೊತೆ ಆಡಗೊಡದ ದಕ್ಷಿಣ ಆಫ್ರಿಕವನ್ನು 1970ರಿಂದ 1991ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ಹೊರಗಿಡಲಾಗಿತ್ತು. 1946ರಲ್ಲಿಯೇ ಆ ದೇಶದೊಡನೆ ವ್ಯಾಪಾರವನ್ನು ಕಡಿದುಕೊಂಡ ಮೊದಲ ದೇಶ ಭಾರತ. ಅವರು ಮರಳಿ ಬಂದುದೂ ನಮ್ಮ ನೆಲಕ್ಕೇ, 1991ರ ನವೆಂಬರ್ 10ರಂದು ಕಲ್ಕತ್ತೆಯಲ್ಲಿ ನಡೆದ ಒಂದು ದಿನದ ಪಂದ್ಯಕ್ಕೆ. 2023ರ ವಿಶ್ವಕಪ್ಪಿನಲ್ಲಿ ಅವರ ನಾಯಕರಾಗಿದ್ದ ತೆಂಬಾ ಬವುಮ, ಕರಿಯರನ್ನು ಊರ ಹೊರಗೆ ಕೂಡಿಹಾಕಿದ್ದ ಲಂಗಾ ಎಂಬ ಬಡಾವಣೆಯಲ್ಲಿ ಬೆಳೆದವರು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆನ್ನುವವರು ಇದಕ್ಕೆ ಏನೆನ್ನುತ್ತಾರೆ? ಜಿಂಬಾಬ್ವೆಯ ಆಂಡಿ ಫ್ಲವರ್ ಮತ್ತು ಹೆನ್ರಿ ಒಲಾಂಗ, ಒಬ್ಬ ಬಿಳಿಯ ಒಬ್ಬ ಕರಿಯ, 2003ರ ವಿಶ್ವಕಪ್ಪಿನಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿತೆಂದು ದುಃಖ ಸೂಚಿಸಿದರು. ಆಟವೂ ಹೋಯಿತು, ಊರೂ ಬಿಡಬೇಕಾಯಿತು. ಕಪ್ಪು ಗೆಲ್ಲದೆಯೂ ಗೆದ್ದವರೆಂದು ಇಂಥವರನ್ನು ನಾವು ನೆನೆಯಬೇಕು.

1990ರಲ್ಲಿ ಸ್ವತಂತ್ರವಾದ ನಮೀಬಿಯ ಮೊದಲ ಬಾರಿಗೆ ಈ ಪಂದ್ಯಾವಳಿಯ ಆತಿಥ್ಯ ವಹಿಸುತ್ತದೆ. ಆದರೆ ಆತಿಥೇಯ ದೇಶವೆಂಬ ಹಕ್ಕಿನಿಂದ ಒಳಕ್ಕೆ ಬರುವವರು ದಕ್ಷಿಣ ಆಫ್ರಿಕ, ಜಿಂಬಾಬ್ವೆ ಇಬ್ಬರೇ. ನಮೀಬಿಯ ಐಸಿಸಿಯ ಪೂರ್ಣ ಸದಸ್ಯನಲ್ಲವಾದುದರಿಂದ ಅರ್ಹತೆಯ ಪಂದ್ಯಗಳಲ್ಲಿ ಗೆದ್ದೇ ಬರಬೇಕು. ತನ್ನ ಮನೆಯ ಮದುವೆಯಲ್ಲಿ ತಾನೇ ಆಮಂತ್ರಣಕ್ಕೆ ಕಾಯುವ ಸ್ಥಿತಿ! ಐಸಿಸಿಯ 2024ರಿಂದ 2027ರವರೆಗಿನ ಆದಾಯದ ಹಂಚಿಕೆಯಲ್ಲಿ ನಮ್ಮ ಬೋರ್ಡೊಂದಕ್ಕೇ ನೂರಕ್ಕೆ 38.5 ಪಾಲು, ಪೂರ್ಣ ಸದಸ್ಯರಲ್ಲದ ಎಲ್ಲ ದೇಶಗಳಿಗೂ ಸೇರಿ ನೂರಕ್ಕೆ ಹನ್ನೊಂದು ಚಿಲ್ಲರೆ. ಹೆಚ್ಚು ಹಣ ಭಾರತದಿಂದ ಬರುತ್ತದೆಂಬುದು ಬೋರ್ಡಿನ ವಾದ. ಹೌದು, ಬರುತ್ತದೆ. ಯಾರ ಜೇಬಿನಿಂದ? ಸೋಪು, ಪೇಸ್ಟು, ಮೊಬೈಲಿನ ರೀಚಾರ್ಜು ಕೊಳ್ಳುವ ನಮ್ಮ ನಿಮ್ಮ ಜೇಬಿನಿಂದ. ನಮ್ಮ ಹೆಸರು ಹೇಳಿ ಬಡದೇಶಗಳ ಪಾಲನ್ನು ಕಡಿಮೆ ಮಾಡಿರೆಂದು ನಾವು ಯಾರಿಗೂ ವಕಾಲತ್ತು ಕೊಟ್ಟಿಲ್ಲ.

ನಾವು ಕೇಳಬೇಕಾದುದು

ಬೋರ್ಡು ತಾನು ತಮಿಳುನಾಡಿನ ಸಂಘಗಳ ಕಾಯಿದೆಯ ಕೆಳಗೆ ನೋಂದಣಿಯಾದ ಒಂದು ಖಾಸಗಿ ಸಂಘವೆನ್ನುತ್ತದೆ. ಅದು ನಡೆಸುವುದು ಸಾರ್ವಜನಿಕ ಕಾರ್ಯವೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಸಾರ್ವಜನಿಕರ ಕೆಲಸವೆಂದ ಮೇಲೆ ಸಾರ್ವಜನಿಕರು ಲೆಕ್ಕ ಕೇಳುವುದರಲ್ಲಿ ತಪ್ಪೇನು?

2027ರಲ್ಲಿ ಭಾರತ ಆಡುವ ಪ್ರತಿಯೊಂದು ಪಂದ್ಯವನ್ನೂ ದೂರದರ್ಶನ ಹಣವಿಲ್ಲದೆ ತೋರಿಸಬೇಕು. ಎಲ್ಲ ಮನೆಗಳಿಗೂ ಅದು ತಲುಪುವಂತೆ 2007ರ ಕಾನೂನನ್ನು ತಿದ್ದಬೇಕು. ಆಕಾಶವಾಣಿ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಬೇಕು. ಯಂತ್ರದ ಮುಂದೆ ನಿಂತವನಿಗೆ, ತಕ್ಕಡಿ ಹಿಡಿದವನಿಗೆ ಕಣ್ಣು ಬಿಡುವಿಲ್ಲ, ಕಿವಿಗೆ ಬಿಡುವುಂಟು. ಆಫ್ರಿಕದ ಆ ದೇಶಗಳ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಹಗಲಿನ ಪಾಳಿ ಮುಗಿಸಿ ಬಂದವನಿಗೂ ಪಂದ್ಯದ ಅರ್ಧಭಾಗ ಸಿಕ್ಕುತ್ತದೆ. ನಮ್ಮ ನೆಲದಲ್ಲಿ ನಡೆಯುವ ಪಂದ್ಯಗಳಲ್ಲಿ ಅರ್ಧದಷ್ಟು ಟಿಕೆಟ್ಟುಗಳನ್ನು ನೂರು ರೂಪಾಯಿಯ ಆಸುಪಾಸಿನಲ್ಲಿ ಕೌಂಟರಿನಲ್ಲಿಯೇ ಮಾರಬೇಕು. ಗೇಟು, ನೀರು, ನೆರಳುಗಳ ಏರ್ಪಾಡಿಗೆ ಬೋರ್ಡೇ ಹೊಣೆಯಾಗಬೇಕು. ಸಣ್ಣ ದೇಶಗಳಿಗೆ ದೊಡ್ಡವರೊಡನೆ ಆಡುವ ಹಕ್ಕಿದ್ದ ಆ ಲೀಗನ್ನು ಮತ್ತೆ ಆರಂಭಿಸಬೇಕು. ಟೆಲಿವಿಷನ್ನಿನ ಕೋಟಿಗಳಲ್ಲಿ ಒಂದು ಪಾಲು ಜಿಲ್ಲೆಯ ಊರುಗಳ ಮೈದಾನಗಳಿಗೆ ಬರಬೇಕು. ಗುಂಡಪ್ಪ ವಿಶ್ವನಾಥ್ ಹುಟ್ಟಿದುದು ಉಕ್ಕಿನ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಎಂಬುದನ್ನು ಬೋರ್ಡು ಮರೆತರೂ ನಾವು ಮರೆಯಬಾರದು.

ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ರೆ, ಎಂಟು ಗಂಟೆ ನಮ್ಮದು ಎಂದು ಹಿಂದಿನ ಕಾರ್ಮಿಕರು ಹೋರಾಡಿ ಪಡೆದರು. ಒಂದು ದಿನದ ಪಂದ್ಯ ಹಿಡಿಯುವುದೂ ಸರಿಸುಮಾರು ಎಂಟು ಗಂಟೆ. ನಮ್ಮದೆಂದು ಪಡೆದ ಆ ಹೊತ್ತಿನಲ್ಲಿ ಆಟ ನೋಡುವುದೋ, ಪುಸ್ತಕ ಓದುವುದೋ, ಮಕ್ಕಳೊಡನೆ ಕೂರುವುದೋ ನಮ್ಮ ಇಷ್ಟ. ಜನರಿಗೆ ವ್ಯವಧಾನವಿಲ್ಲವೆಂದು ನಮ್ಮ ಪರವಾಗಿ ಹೇಳುವ ಅಧಿಕಾರವನ್ನು ಮಾತ್ರ ಯಾವ ಧಣಿಗೂ ಕೊಡಬೇಡಿರಿ. ಆಟ ನೋಡಿರಿ, ಗೆದ್ದವರಿಗೆ ಚಪ್ಪಾಳೆ ತಟ್ಟಿರಿ. ಪಗಾರನ್ನು ಜೂಜಿಗೆ ಕಟ್ಟಬೇಡಿರಿ. ಲೆಕ್ಕ ಕೇಳುವುದನ್ನು ಬಿಡಬೇಡಿರಿ.